ಅಗಳಿನಾಚೆ ಎಸೆದ ಬೂಷ್ಟು

"ಒಣಗುಡಿಸಬೇಡ" ಎಂದು ಅಮ್ಮಣಿಯಜ್ಜಿ ಎರಡು ಸಲ ಹೇಳಿದಳು. ಒಮ್ಮೆ ಚಾವಡಿಯಲ್ಲಿ ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಾಗ. ಇನ್ನೊಮ್ಮೆ ಅಂಗಳ ದಾಟಿ ಬೇಲಿಯ ತಡಮೆಯವರೆಗೆ ಹೋದವಳು ತಿರುಗಿ ಬಂದು. ಕುಂಬಳೆಯ ಹತ್ತಿರ ತಂಗಿಯ ಮನೆಯಲ್ಲಿ ಬೊಜ್ಜ. ಸತ್ತವರ ಕೆಲಸಕ್ಕೆ ಹೋಗದೆ ಇರುವ ಹಾಗಿಲ್ಲ. ಆದರೂ ಮನೆ ಬಿಟ್ಟು ಹೊರಡಲು ಮುದುಕಿಗೆ ಕಾಲೇ ಬರುತ್ತಿರಲಿಲ್ಲ.

ಮಾತು ತೆಂಕು ಕೋಣೆಯ ಗೋಡೆಗೆ ಹಿಡಿದ ಬೂಷ್ಟಿನದು. ತಾನು ಬರುವ ತನಕ ಅದರ ಸುದ್ದಿಗೇ ಹೋಗಬೇಡ. ಹೋಗಲೇಬೇಕೆಂದಿದ್ದರೆ ಬಾಗಿಲು ಕಿಟಕಿ ಹಾಕಿಕೊಂಡು, ಮೂಗುಬಾಯಿಗೆ ಬೈರಾಸು ಕಟ್ಟಿಕೊಂಡು, ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆತ್ತಗೆ ಒರಸು. ಒರಸಿದ ಬಟ್ಟೆ, ಕೆರೆದ ಪುಡಿ ಎಲ್ಲವನ್ನೂ ಅದೇ ಕೋಣೆಯ ಮೂಲೆಯಲ್ಲಿ ಚಪ್ಪಡಿಯ ಅಡಿ ಇರುವ ಗುಂಡಿಗೆ ಹಾಕಿ ಮೇಲಿಂದ ಸುಣ್ಣ ಸುರಿ. ಒಂದು ಚಿಟಿಕೆ ಕೂಡ ಹೊಸ್ತಿಲು ದಾಟಬಾರದು. ಇದು ಅಜ್ಜಿಯ ಕಟ್ಟಳೆ. ಪ್ರತಿ ವರ್ಷ ಆಟಿ ತಿಂಗಳ ಮಳೆ ಕಳೆದು ಸೋಣದ ಬಿಸಿಲು ಬಂದಾಗ ಅವಳೊಬ್ಬಳೇ ಆ ಕೋಣೆ ಹೊಕ್ಕು, ಬಾಗಿಲು ಹಾಕಿಕೊಂಡು ಇದನ್ನು ಮಾಡುತ್ತಿದ್ದಳು. ಉಳಿದ ದಿನಗಳಲ್ಲಿ ಆ ಬಾಗಿಲು ತೆರೆದದ್ದನ್ನು ಯಾರೂ ಕಂಡಿರಲಿಲ್ಲ.

ಜಗಲಿಯಲ್ಲಿ ಕೂತು ಬೀಡಿ ಹಚ್ಚುತ್ತಿದ್ದ ಪೂವಪ್ಪ, ಅಜ್ಜಿಯ ಮೊಮ್ಮಗಳು ಲೋಲಾಕ್ಷಿಯ ಗಂಡ, ಹೊಗೆಯ ಜೊತೆ ನಗುವನ್ನೂ ಬಿಟ್ಟ.

"ಎಂತ ಅಜ್ಜಿ, ಬೂಷ್ಟಿಗೂ ಬಾಣಂತಿಯ ಹಾಗೆ ಮುಚ್ಚಿದ ಕೋಣೆ ಬೇಕಾ?"

ಅಜ್ಜಿ ನಗಲಿಲ್ಲ. ಯಾಕೆ ದಾಟಬಾರದು, ಅದನ್ನಾದರೂ ಹೇಳಿ ಎಂದು ಅವನು ಕೇಳಿದ. ಅಜ್ಜಿ ಕದ್ದು ಸಿಕ್ಕಿಬಿದ್ದವಳ ಹಾಗೆ ಮುಖ ತಿರುಗಿಸಿ, ಸೆರಗಿನಿಂದ ಇಲ್ಲದ ಬೆವರು ಒರಸಿಕೊಂಡಳು.

"ನಮ್ಮ ಮನೆಯದ್ದು, ನಮ್ಮ ಮನೆಯಲ್ಲೇ ಇರಬೇಕು. ಅಷ್ಟೆ."

ಅಷ್ಟೇ ಹೇಳಿ ಹೊರಟುಹೋದಳು. ಕಾರಣ ಹೇಳಿದ್ದರೆ ಅವನು ಕೇಳುತ್ತಿದ್ದನೋ ಇಲ್ಲವೋ, ದೇವರಿಗೆ ಗೊತ್ತು. ಹೇಳದ ಕಟ್ಟಳೆಯನ್ನು ಮುರಿಯುವುದಕ್ಕೆ ಮಾತ್ರ ಹಠಮಾರಿಗೆ ಹೊತ್ತು ಬೇಡ.

ಪೂವಪ್ಪ ಕೆಟ್ಟವನಲ್ಲ. ಅಳಿಯಕಟ್ಟಿನ ಕುಟುಂಬ, ಹೆಂಡತಿಯ ಮನೆಯಲ್ಲಿ ಬಂದು ಉಳಿದಿದ್ದ. ಯುದ್ಧದ ಕಾಲದಲ್ಲಿ ಪಟಾಲಮ್ಮಿಗೆ ಸೇರಿ, ಅಸ್ಸಾಮಿನ ಕಡೆ ಗಾಯಾಳುಗಳ ಆಸ್ಪತ್ರೆಯಲ್ಲಿ ನೆಲ ತೊಳೆದು, ಬ್ಲೀಚಿಂಗ್ ಪುಡಿ ಎರಚಿ ನಾಲ್ಕು ಕಾಸು ಮಾಡಿಕೊಂಡು ಉಪ್ಪಳದ ಸ್ಟೇಷನ್ನಿನಲ್ಲಿ ಇಳಿದಿದ್ದ. ಊರಿಗೆ ಅವನು ಮಿಲಿಟರಿ ಪೂವಪ್ಪ. ದರ್ಶನ, ಪ್ರಶ್ನೆ, ಮಾಟ, ನೂಲು ಕಟ್ಟುವುದು ಎಲ್ಲವನ್ನೂ ಎದುರೆದುರೇ ಬಯ್ಯುತ್ತಿದ್ದ. ಆದರೆ ಅವನ ಸಿಟ್ಟಿನ ಬುಡದಲ್ಲಿ ಒಂದು ಸಂಕಟ ಇತ್ತು. ಅವನು ಅಸ್ಸಾಮಿನಲ್ಲಿ ಇರುವಾಗ ಲೋಲಾಕ್ಷಿ ಮೊದಲ ಮಗುವನ್ನು ಹೆತ್ತಿದ್ದಳು. ಮಲಗಲು ಬೇರೆ ಕೋಣೆ ಇಲ್ಲದೆ ಬಚ್ಚಲಿನ ಪಕ್ಕದ ಇಳಿಮಾಡಿನಲ್ಲಿ, ಹೊಗೆ ಮತ್ತು ಥಂಡಿಯ ನಡುವೆ ಅವಳನ್ನು ಮಲಗಿಸಿದ್ದರು. ನಾಮಕರಣಕ್ಕೆ ಮೊದಲೇ ಮಗು ಕೆಮ್ಮಿ ಕೆಮ್ಮಿ ಹೋಯಿತು. ಅಪ್ಪನಿಗೆ ಅದರ ಮುಖ ಕೂಡ ಗೊತ್ತಿಲ್ಲ. ಈಗ ಲೋಲಾಕ್ಷಿ ತುಂಬು ಬಸುರಿ. ಈ ಮಗು ಒಣಗಿದ, ಗಾಳಿಯಾಡುವ ಕೋಣೆಯಲ್ಲಿ ಹುಟ್ಟಬೇಕು, ಬದುಕಬೇಕು. ಅಂಥ ಕೋಣೆ ಆ ಮನೆಯಲ್ಲಿ ತೆಂಕು ಕೋಣೆ ಒಂದೇ. ಅದರ ಕಿಟಕಿ ತೆರೆದರೆ ಕಡಲಿನ ಗಾಳಿ ನೇರ ಬರುತ್ತದೆ.

ಅಜ್ಜಿ ಹೋದ ಮರುದಿನ ಬೆಳಿಗ್ಗೆ ಲೋಲಾಕ್ಷಿಯನ್ನು ಅವನು ಅಗಳಿನಾಚೆಯ ಮನೆಗೆ ಕಳಿಸಿದ. ಎರಡು ಹಿತ್ತಿಲುಗಳ ನಡುವೆ ಆಳು ಮುಳುಗುವಷ್ಟು ಆಳದ ಅಗಳು, ಅದನ್ನು ದಾಟಲು ಒಂದು ತೆಂಗಿನ ಮರದ ಪಾಲ. ಆಚೆ ಕೂಸಪ್ಪನ ಮನೆ. ಕೂಸಪ್ಪ ತೆಂಗಿನ ಸಿಪ್ಪೆ ಕೊಳೆಹಾಕಿ ಕತ್ತದ ಹಗ್ಗ ಹೊಸೆಯುವವನು. ಅವನ ಹೆಂಡತಿ ಕಿನ್ನಿ ಲೋಲಾಕ್ಷಿಗೆ ತಂಗಿಗಿಂತ ಹೆಚ್ಚು. ಅವರಿಗೆ ಸೀತು ಅಂತ ಒಬ್ಬಳೇ ಮಗಳು, ಈಗಷ್ಟೆ ಓಡಲು ಕಲಿತದ್ದು. ಓಡಿ ದಣಿದರೆ ಇನ್ನೂ ಅಮ್ಮನ ಸೆರಗಿನೊಳಗೆ ನುಗ್ಗುವ ಪ್ರಾಯ.

ಪೂವಪ್ಪ ತೆಂಕು ಕೋಣೆಯ ಬಾಗಿಲು ದೂಡಿದ. ವಾಸನೆ ಮೊದಲು ಬಂತು. ತಂಗಳು ಗಂಜಿಯ ವಾಸನೆ. ಅದರ ಹಿಂದೆ ಒದ್ದೆ ಕಂಬಳಿಯದು. ಅದರ ಹಿಂದೆ, ಮೂಗಿಗೆ ಅಲ್ಲ, ಗಂಟಲಿಗೇ ಮುಟ್ಟುವ ಹಾಗೆ, ಹಾಲು ಹಳಸಿದ್ದು. ಒಳಗೆ ನಡುಹಗಲಲ್ಲೂ ಬಾವಿಯ ತಳದ ಕತ್ತಲೆ. ಕಣ್ಣು ಹೊಂದಿದ ಮೇಲೆ ಗೋಡೆ ಕಂಡಿತು. ನೆಲದಿಂದ ಅವನ ಎದೆಯವರೆಗೆ ಬೂಷ್ಟು. ಅಂಚಿನಲ್ಲಿ ಹಸುರು ಕಪ್ಪು, ನಡುವೆ ಬೂದಿ ಬಣ್ಣದ ರೋಮ, ಆಗತಾನೆ ಹುಟ್ಟಿದ ಬೆಕ್ಕಿನ ಮರಿಯ ಮೈಯ ಹಾಗೆ. ಆ ರೋಮದ ನಡುವೆ ಒಂದು ಅಂಗೈಯ ಆಕಾರ. ಐದು ಬೆರಳು ಬಿಡಿಬಿಡಿಯಾಗಿ ಇದ್ದವು. ಹೆಬ್ಬೆರಳು ಮಾತ್ರ ಹಿಂದಕ್ಕೆ ಬಾಗಿತ್ತು.

"ಕೈ ಕೊಡ್ತೀಯಾ ಮಾರಾಯ?" ಎಂದು ನಕ್ಕು ಅವನು ತನ್ನ ಅಂಗೈಯನ್ನು ಅದರ ಮೇಲೆ ಒತ್ತಿದ.

ಗೋಡೆ ಬೆಚ್ಚಗಿತ್ತು.

ಬಿಸಿಲು ಬೀಳದ ಮುರಕಲ್ಲಿನ ಗೋಡೆ ಬೆಚ್ಚಗಿರಬಾರದು. ಅವನು ಕೈ ಹಿಂದೆಗೆದು ಪಂಚೆಗೆ ಒರಸಿಕೊಂಡ. ಆ ಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟು ಬಂದರೆ ಪೂವಪ್ಪ ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ. ಕಿಟಕಿಯನ್ನು ಗುದ್ದಿ ತೆರೆದ. ಬಾಯಿಗೆ ಬೈರಾಸು ಕಟ್ಟಲಿಲ್ಲ. ಒಣ ಹಿಡಿಸೂಡಿಯಿಂದ ಬಡಿದ, ಕರಟದ ಅಂಚಿನಿಂದ ಕೆರೆದ. ಬೂದು ಪುಡಿ ಹೊಗೆಯ ಹಾಗೆ ಎದ್ದಿತು. ಕಡಲಿನ ಗಾಳಿ ಅದನ್ನು ಮನೆಯೊಳಗೆ ದೂಡಿತು. ಚಾವಡಿಯ ತೊಟ್ಟಿಲ ಮೇಲೆ, ಅಡಿಗೆಮನೆಯ ಮಡಕೆಗಳ ಮೇಲೆ, ಅವನ ರೆಪ್ಪೆಯ ಮೇಲೆ ಅದು ಕೂತಿತು. ಆ ಅಂಗೈಯನ್ನು ಕೆರೆಯುವಾಗ ಬೆರಳುಗಳು ಒಂದೊಂದಾಗಿ ಮಡಚಿಕೊಂಡ ಹಾಗೆ ಕಂಡವು. ಬಾಗಿದ ಹೆಬ್ಬೆರಳು ಕೊನೆಗೆ ಬಿತ್ತು.

ಮೂಲೆಯ ಚಪ್ಪಡಿಯನ್ನೂ ಬಿಡಲಿಲ್ಲ, ಕಬ್ಬಿಣದ ಕೋಲು ಕೊಟ್ಟು ಎಬ್ಬಿಸಿದ. ಕೆಳಗೆ ಚಿಂದಿ, ಸುಣ್ಣ, ಚಿಂದಿ, ಸುಣ್ಣ. ಒಂದು ಆಯುಷ್ಯದಷ್ಟು ಪದರ. ಎಲ್ಲ ಕೂಡಿ ಕಪ್ಪು ಮುದ್ದೆಯಾಗಿತ್ತು. ಆ ಮುದ್ದೆ ನಿದ್ದೆಯಲ್ಲಿರುವವರ ಹೊಟ್ಟೆಯ ಹಾಗೆ ಸಣ್ಣಗೆ ಏರಿತು. ಇಳಿಯಿತು. ಗಾಳಿ, ಎಂದುಕೊಂಡ ಪೂವಪ್ಪ. ಅಷ್ಟನ್ನೂ ಹೆಡಿಗೆಗೆ ತುಂಬಿದ.

ಎಲ್ಲಿ ಚೆಲ್ಲುವುದು? ಕೂಸಪ್ಪನ ಕಡೆ ಅಗಳಿನ ಅಂಚಿನಲ್ಲಿಯೇ ಕತ್ತದ ಹೊಟ್ಟಿನ ರಾಶಿ ಉಂಟು. ಹೇಗೂ ಕೊಳೆತದ್ದೇ ಅಲ್ಲವಾ, ಕೊಳೆತದ್ದಕ್ಕೆ ಕೊಳೆತದ್ದು ಸೇರಲಿ. ಹೆಡಿಗೆ ಹೊತ್ತು ಅಗಳಿನ ಹತ್ತಿರ ಬಂದಾಗ ಆಚೆ ಜಗಲಿಯಲ್ಲಿ ಸೀತು ಒಬ್ಬಳೇ ಕೂತಿದ್ದಳು, ಹೆಂಗಸರು ಒಳಗಿದ್ದರು. ಅವನ ಮುಖವೆಲ್ಲ ಬೂದಿ ಬಳಿದ ಹಾಗೆ ಆಗಿದ್ದನ್ನು ನೋಡಿ ಮಗು ನಕ್ಕಿತು. ಆಟಿ ತಿಂಗಳಲ್ಲಿ ಮುಖಕ್ಕೆ ಬಣ್ಣ ಬಳಿದು, ಓಲೆಯ ಕೊಡೆ ತಿರುಗಿಸುತ್ತ ಮನೆಮನೆಗೆ ಬಂದು, ಊರಿನ ಮಾರಿಯನ್ನೆಲ್ಲ ಹೊತ್ತುಕೊಂಡು ಗಡಿ ದಾಟಿಸುವ ಕಳಂಜನನ್ನು ಅದು ಮೊನ್ನೆಯಷ್ಟೆ ನೋಡಿತ್ತು. ಇವನೂ ಕಳಂಜ ಅಂದುಕೊಂಡಿತು. ಪೂವಪ್ಪನಿಗೆ ಹುಮ್ಮಸ್ಸು ಬಂತು. ಹೆಡಿಗೆಯನ್ನು ತಲೆಯ ಮೇಲೆ ತಿರುಗಿಸಿದ, ಒಂದು ಕಾಲು ಮಡಚಿ ಕುಣಿದ. ಮಗು ಚಪ್ಪಾಳೆ ತಟ್ಟಿತು.

"ಮಾರಿಯೇ ಮಾರಿಯೇ, ಇಷ್ಟು ದಿನ ನಮ್ಮಲ್ಲಿದ್ದೆ, ಇನ್ನು ಕೂಸಪ್ಪನ ಮನೆಯವಳಾಗು" ಎಂದು ರಾಗ ಎಳೆದು ಅವನು ಹೆಡಿಗೆಯನ್ನು ಆಚೆ ಕವುಚಿದ.

ಗಾಳಿ ನಿಂತಿತು. ಅಗಳಿನ ಕಪ್ಪೆಗಳು ಸುಮ್ಮನಾದವು. ಮಗು ಮಾತ್ರ ಚಪ್ಪಾಳೆ ತಟ್ಟುತ್ತಲೇ ಇತ್ತು.

ಅಜ್ಜಿ ಬಂದಾಗ ಗೋಡೆ ಹೊಸ ಸುಣ್ಣದಲ್ಲಿ ಬೆಳ್ಳಗೆ ನಿಂತಿತ್ತು. ಎಲ್ಲಿ ಹಾಕಿದೆ ಎಂದು ಕೇಳಿದಳು. ಒಳಗೇ ಹೂತೆ, ನೀವು ಹೇಳಿದ ಹಾಗೆಯೇ, ಎಂದ ಪೂವಪ್ಪ. ಅದು ಹೆದರಿಕೆಯ ಸುಳ್ಳಲ್ಲ, ಮುದುಕಿಯ ಕಿರಿಕಿರಿ ಬೇಡ ಎಂಬ ಉದಾಸೀನದ ಸುಳ್ಳು. ಅಜ್ಜಿ ಚಪ್ಪಡಿಯ ಮೇಲೆ ಕಾಲಿಟ್ಟು ಒತ್ತಿ ನೋಡಿದಳು.

ಆ ಕೋಣೆಯಲ್ಲಿಯೇ ಲೋಲಾಕ್ಷಿ ಹೆಣ್ಣು ಹೆತ್ತಳು. ಕೆಂಪು ಕೆಂಪು ಮಗು. ಊರು ಕೇಳುವ ಹಾಗೆ ಅಳುವ ಗಂಟಲು. ಪೂವಪ್ಪ ಬಂದವರಿಗೆಲ್ಲ ಗೋಡೆಯನ್ನು ತೋರಿಸಿದ. ನೋಡಿ, ಒಂದು ಮಚ್ಚೆ ಉಂಟಾ? ಮಾಟವಂತೆ ಮಂತ್ರವಂತೆ, ಎಲ್ಲ ಸೋಮಾರಿಗಳ ಕತೆ. ಅವನ ಸಂತೋಷಕ್ಕೆ ಪಾರವಿರಲಿಲ್ಲ.

ಆ ಸಂತೋಷದ ನಡುವೆ ಒಂದು ದಿನ ಕೂಸಪ್ಪ ಪಾಲ ದಾಟಿ ಬಂದು, ತಲೆ ಕೆರೆಯುತ್ತ, ತನ್ನ ಮನೆಯ ಗೋಡೆಗೆ ಈ ಸೋಣದ ಬಿಸಿಲಲ್ಲೂ ಬೂಷ್ಟು ಹಿಡಿದಿದೆ, ಒರಸಿದರೆ ಬೆಳಗಾಗುವಾಗ ಮತ್ತೆ ಉಂಟು ಅಂದ. ಪೂವಪ್ಪ ಅಗಳಿನಾಚೆಯ ಹೊಟ್ಟಿನ ರಾಶಿಯ ಕಡೆ ಒಮ್ಮೆ ನೋಡಿ ಬೇಗ ಕಣ್ಣು ತೆಗೆದ. ಒಂದು ಡಬ್ಬಿ ಬ್ಲೀಚಿಂಗ್ ಪುಡಿ ಕೊಟ್ಟು ಕಳಿಸಿದ. ಆಮೇಲೆ ಸೀತುವಿಗೆ ಕೆಮ್ಮು ಎಂದು ಸುದ್ದಿ ಬಂತು. ಆಮೇಲೆ ನಾಲಿಗೆ ಬಿಳಿ. ಆಮೇಲೆ ಅಂಗೈಯಲ್ಲಿ, ಬೆರಳ ಸಂದಿಯಲ್ಲಿ ನವಿರು ಬೂದಿ ರೋಮ. ಉಪ್ಪಳದ ವೈದ್ಯರು ಬಾಯಿಗೆ ಹಚ್ಚಲು ಜೇನಿನಲ್ಲಿ ಕಲಸಿದ ಮದ್ದು ಕೊಟ್ಟರು. ಮಗುವಿನ ಉಸಿರು ಹಳಸಿದ ಗಂಜಿಯ ಹಾಗೆ ನಾರುತ್ತದೆ ಎಂದು ಕಿನ್ನಿ ಲೋಲಾಕ್ಷಿಯ ಹತ್ತಿರ ಹೇಳಿ ಅತ್ತಳು.

ಅದನ್ನು ಅಜ್ಜಿ ಕೇಳಿಸಿಕೊಂಡಳು. ಎದ್ದವಳು ನೇರ ತೆಂಕು ಕೋಣೆಗೆ ಬಂದು, ಬಾಣಂತಿಯನ್ನು ಚಾವಡಿಗೆ ಕಳಿಸಿ, ಚಪ್ಪಡಿಯನ್ನು ತಾನೇ ಎಳೆದಳು. ಗುಂಡಿ ಬೋಳಾಗಿತ್ತು. ತಳದಲ್ಲಿ ಬಿಳಿ ಪುಡಿ ಮಾತ್ರ. ಬಾಗಿಲಲ್ಲಿ ನಿಂತ ಪೂವಪ್ಪನನ್ನು ಅವಳು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ.

"ಗೋಡೆಯಲ್ಲಿ ಒಂದು ಕೈ ಇತ್ತಲ್ಲ. ಅದು ಕೂಸಪ್ಪನ ಅಜ್ಜನದ್ದು" ಎಂದಳು. "ಹಗ್ಗ ಹೊಸೆದು ಹೊಸೆದು ಹೆಬ್ಬೆರಳು ಹಿಂದಕ್ಕೆ ಹೋಗಿತ್ತು."

ಆಮೇಲೆ, ನೆಲ ನೋಡುತ್ತ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು. ಮಾಟ ಈ ಮನೆಗೆ ಯಾರೋ ಮಾಡಿದ್ದಲ್ಲ. ಈ ಮನೆಯೇ ಮಾಡಿಸಿದ್ದು. ಅಗಳನ್ನು ಎಲ್ಲಿ ತೋಡಬೇಕು ಎಂಬ ಜಗಳದಲ್ಲಿ ಅವಳ ಅಣ್ಣ ಚಂದ್ರಗಿರಿ ಹೊಳೆಯಾಚೆಯಿಂದ ಮಾಟಗಾರನನ್ನು ತಂದ. ಮಂತ್ರಿಸಿದ ಹಳಸಲು ಗಂಜಿಯನ್ನು ಮಡಕೆಯಲ್ಲಿ ತುಂಬಿಸಿ, ಆ ಮನೆಯವರ ಹೆಸರು ಹೇಳಿ ಆಚೆಗೆ ಎಸೆಯಿಸಿದ. ಕೂಸಪ್ಪನ ಅಜ್ಜ ಮೈತುಂಬ ಬೂಷ್ಟು ಬಂದು ನರಳಿ ಸತ್ತ. ಆಗ ಅಣ್ಣನಿಗೆ ಬುದ್ಧಿ ಬಂತು. ಹೋಗಿ ವಿಧವೆಯ ಎದುರು ನಿಂತು, ಮಾಟವನ್ನು ತಿರುಗಿ ಕೊಡು ಎಂದು ಬೇಡಿಕೊಂಡ. ಆ ಹೆಂಗಸು ಕೊಟ್ಟಳು. ತನ್ನ ಮಕ್ಕಳ ಕಿವಿಗೆ ಒಂದು ಮಾತೂ ಹಾಕದೆ ಸತ್ತಳು. ಅಂದಿನಿಂದ ಅದು ಈ ಗೋಡೆಯಲ್ಲಿ ಇತ್ತು. ದೇವಸ್ಥಾನಕ್ಕೆ ಹೋಗಿ ಬಿಡಿಸಿಕೊಳ್ಳೋಣ ಎಂದರೆ ಎಂತ ಹೇಳುವುದು? ನಾವೇ ಮಾಡಿದ್ದು ಅಂತಲಾ? ಒರಸಿ, ಮುಚ್ಚಿ, ಹೊತ್ತುಕೊಂಡು ಇರುವುದು, ಅಷ್ಟೆ.

"ನಿನಗೆ ಅಂದೇ ಹೇಳಬೇಕಿತ್ತು. ನಾಚಿಕೆಯಾಯಿತು ಮಗಾ."

ಈಗ ಎಂತ ಮಾಡುವುದು ಎಂದು ಪೂವಪ್ಪ ಕೇಳಿದ. ಅವನ ದನಿ ಅವನದ್ದಾಗಿರಲಿಲ್ಲ.

"ಕಳಿಸಿದ ಬಾಯಿಯೇ ಕರೆಯಬೇಕು. ಹಗಲಲ್ಲಿ, ಅವರ ಎದುರು ನಿಂತು. ಎಂತ ಮಾಡಿದೆ ಅಂತ ಬಿಡಿಸಿ ಹೇಳಬೇಕು. ನಮ್ಮದು ನಮಗೆ ಕೊಡಿ ಅಂತ ಬೇಡಬೇಕು. ಅವರು ಕೊಟ್ಟರೆ ಬರ್ತದೆ. ಮಗುವಿಗೆ ಉಸಿರು ಇರುವಾಗಲೇ ಹೋಗು."

ಅವನು ಆಗಲೇ ಹೊರಟ. ಹೊರಟದ್ದು ನಿಜ. ಪಾಲದ ಮೇಲೆ ಕಾಲಿಟ್ಟಾಗ ಆಚೆ ಜಗಲಿಯಿಂದ ಕೂಸಪ್ಪ ಎದ್ದು ಬಂದ. ನಿದ್ದೆಯಿಲ್ಲದ ಕಣ್ಣು, ಕತ್ತದ ನಾರು ಅಂಟಿದ ಕೈ. ಪೂವಪ್ಪನ ಎರಡೂ ಕೈ ಹಿಡಿದುಕೊಂಡು, ಬ್ಲೀಚಿಂಗ್ ಪುಡಿ ಕೊಟ್ಟಿರಲ್ಲ ಅಣ್ಣ, ನಿಮ್ಮಂಥ ನೆರೆಕರೆ ಸಿಗಲು ಪುಣ್ಯ ಬೇಕು ಎಂದ. ಊರಿಗೆಲ್ಲ ಮಂಕುಗಳೇ ಎಂದು ಬೈದ ಮಿಲಿಟರಿ ಪೂವಪ್ಪ, ನಾನು ಮಾಟ ಮಾಡಿದೆ ಎಂದು ಹೇಗೆ ಹೇಳುವುದು? ಕುಣಿದೆ ಎಂದು ಹೇಳುವುದಾ? ನಿಮ್ಮ ಹೆಸರು ಹಿಡಿದು ಹಾಡಿದೆ ಎಂದಾ? ನಾಳೆ ತನ್ನ ಮಗಳನ್ನು ಮಾಟದ ಮನೆಯ ಹೆಣ್ಣು ಎಂದು ಯಾರು ಮುಟ್ಟಿಸಿಕೊಳ್ಳುತ್ತಾರೆ? ಮಗುವಿನ ಕೆಮ್ಮು ಕೆಮ್ಮೇ ಇರಬಹುದು. ಮದ್ದು ಹಿಡಿಯಬಹುದು. ನಾಚಿಕೆಗೆ ನೂರು ನೆವ.

"ಸೀತು ಹೇಗಿದ್ದಾಳೆ ಅಂತ ಕೇಳಲಿಕ್ಕೆ ಬಂದೆ" ಎಂದ.

ಮರುದಿನ ಮತ್ತೆ ಪಾಲದವರೆಗೆ ಹೋದ, ಅಲ್ಲಿಂದ ತಿರುಗಿದ. ಅದರ ಮರುದಿನ ಅಂಗಳದವರೆಗೆ. ಅಜ್ಜಿ ಜಗಲಿಯಲ್ಲಿ ಕೂತು ಅವನು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದಳು. ಅವಳ ನೋಟ ತಾಗಿದರೆ ಬೆಂಕಿ ತಾಗಿದ ಹಾಗೆ ಅವನು ಮುಖ ತಿರುಗಿಸುತ್ತಿದ್ದ.

ಒಂದು ಮಧ್ಯಾಹ್ನ ಆಚೆಯಿಂದ ಕಿನ್ನಿಯ ಕೂಗು ಕೇಳಿಸಿತು. ಒಂದೇ ಕೂಗು. ಆಮೇಲೆ ಏನೂ ಇಲ್ಲ.

ಗುಂಡಿ ತೋಡಲು ಪೂವಪ್ಪನೇ ಹೋದ. ಮಿಲಿಟರಿಯವನು, ಗಟ್ಟಿ ಕೈ, ಬೇರೆ ಯಾರನ್ನು ಕರೆಯುವುದು ಎಂದು ಕೂಸಪ್ಪ ಹೇಳಿ ಕಳಿಸಿದ್ದ. ಹಾರೆ ಹಾಕಿದಲ್ಲೆಲ್ಲ ಮಣ್ಣಿನಿಂದ ತಂಗಳು ಗಂಜಿಯ ವಾಸನೆ ಎದ್ದಿತು. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ಒಂದು ಅಂಗೈ ಮಾತ್ರ ಹೊರಗೆ ಉಳಿದಿತ್ತು. ಅದನ್ನು ಒಳಗೆ ಸೇರಿಸಿದ್ದೂ ಅವನೇ. ಎಷ್ಟು ಉಪಕಾರ ಅಣ್ಣ ಎಂದು ಕೂಸಪ್ಪ ಅವನ ಭುಜಕ್ಕೆ ತಲೆಯಿಟ್ಟು ಅತ್ತ. ನೆಲ ಬಿರಿಯಬಾರದೇ ಎಂದು ಪೂವಪ್ಪ ನಿಂತಿದ್ದ. ನೆಲ ಬಿರಿಯಲಿಲ್ಲ. ಅದು ಅಷ್ಟು ಸುಲಭದಲ್ಲಿ ಯಾರಿಗೂ ಬಿರಿಯುವುದಿಲ್ಲ.

ಅದೇ ವಾರ ಲೋಲಾಕ್ಷಿಗೆ ಜ್ವರ ಹಿಡಿದು ಹಾಲು ಬತ್ತಿತು. ಮಗು ಹಸಿದು ಅತ್ತಿತು. ದನದ ಹಾಲು ಕಕ್ಕಿತು. ಅಳು ಸಣ್ಣದಾಗುತ್ತ ಬಂತು. ಕೆಮ್ಮಿ ಹೋದ ಮೊದಲ ಮಗುವಿನ ನೆನಪಿನಲ್ಲಿ ಲೋಲಾಕ್ಷಿ ಗೋಡೆಗೆ ತಲೆ ಚಚ್ಚಿಕೊಂಡಳು. ಆಗ ಪಾಲದ ಮೇಲೆ ಹೆಜ್ಜೆಯ ಸದ್ದಾಯಿತು. ಕಿನ್ನಿ ಬಂದಳು. ಯಾರೂ ಕರೆದಿರಲಿಲ್ಲ. ಅವಳ ರವಕೆಯ ಎದೆ ಒದ್ದೆಯಾಗಿತ್ತು.

"ನನ್ನದು ಸುಮ್ಮನೆ ಹರಿದು ಹೋಗ್ತಾ ಉಂಟು ಅಕ್ಕ. ಇತ್ತ ಕೊಡಿ" ಎಂದು ಮಗುವನ್ನು ಎತ್ತಿಕೊಂಡಳು.

ಪೂವಪ್ಪ ಹಿತ್ತಿಲಿಗೆ ಹೋಗಿ ಬಾಳೆಯ ಬುಡದಲ್ಲಿ ಕೂತುಕೊಂಡ. ಮಗು ಗುಟುಕು ಗುಟುಕಾಗಿ ಕುಡಿಯುವ ಸದ್ದು ಅಲ್ಲಿಗೂ ಕೇಳುತ್ತಿತ್ತು. ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು.

ಹಾಲು ಕುಡಿದು ಮಗು ಮೈ ತುಂಬಿಕೊಂಡಿತು. ಹಗಲು ಹೊತ್ತು ಕಿನ್ನಿ ಅದನ್ನು ತನ್ನ ಮನೆಗೇ ಒಯ್ದು, ಸೀತುವಿನ ತೊಟ್ಟಿಲಿಗೆ ಹಾಕಿ ತೂಗುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಬರುವ ಮೊದಲು ಮಗು ಆಕಳಿಸಿತು. ಪೂವಪ್ಪ ಬಗ್ಗಿ ನೋಡಿದ.

ನಾಲಿಗೆಯ ಮೇಲೆ ಬಿಳಿ.

ಹಾಲಿನ ಕಲೆ ಎಂದು ಬೆರಳಿನಿಂದ ಒರಸಿದ. ಹೋಗಲಿಲ್ಲ. ಬೆಳಕಿನ ಕಡೆ ತಿರುಗಿಸಿದ. ನವಿರು ರೋಮ. ಉಸಿರು ಒಳಗೆ ಹೋದಾಗ ಒಳಕ್ಕೆ ಬಾಗಿತು. ಹೊರಗೆ ಬಂದಾಗ ಹೊರಕ್ಕೆ. ತಂಗಳು ಗಂಜಿಯ ವಾಸನೆ. ಎಸೆದದ್ದು ಅಗಳು ದಾಟಿ, ಒಂದು ತಾಯಿಯ ಎದೆಯಲ್ಲಿ ಹರಿದು, ದಾರಿ ಕೇಳಿಕೊಂಡು ಮನೆಗೆ ಬಂದಿತ್ತು.

ಅಷ್ಟರಲ್ಲಿ ಕಿನ್ನಿ ಬಂದು, ಮಗು ಇನ್ನೂ ಹಸಿದಿಲ್ಲ ಅಕ್ಕ, ಅಲ್ಲೇ ಕೊಡುತ್ತೇನೆ ಎಂದು ಎಂದಿನ ಹಾಗೆ ಎತ್ತಿಕೊಂಡು ಹೋದಳು. ಅವನಿಗೆ ತಡೆಯಲು ಬಾಯಿ ಬರಲಿಲ್ಲ. ಅವಳು ಪಾಲ ದಾಟುವುದನ್ನು ನೋಡುತ್ತ ನಿಂತ. ಜಗಲಿಯಿಂದ ಅಜ್ಜಿಯೂ ನೋಡುತ್ತಿದ್ದಳು. ಈ ಸಲ ಅವನು ಮುಖ ತಿರುಗಿಸಲಿಲ್ಲ.

ಓಡಿದ. ಪಾಲ ಜಾರಿತು. ಅಗಳಿಗೆ ಬಿದ್ದ. ಕೆಸರು ಎದೆಯವರೆಗೆ. ಬೇರು ಹಿಡಿದು ಆಚೆ ಹತ್ತಿದ. ಕತ್ತದ ಹೊಟ್ಟಿನ ರಾಶಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅದು ಉಸಿರಾಡುತ್ತಿತ್ತು. ಏರಿತು. ಇಳಿಯಿತು. ಈಗ ಗಾಳಿ ಇರಲಿಲ್ಲ.

"ಕೂಸಪ್ಪಾ" ಎಂದು ಕರೆದ. "ಕಿನ್ನೀ, ಇಬ್ಬರೂ ಬನ್ನಿ."

ಇಬ್ಬರೂ ಬಂದರು. ಕಿನ್ನಿಯ ತೋಳಿನಲ್ಲಿ ಮಗು. ಪೂವಪ್ಪ ರಾಶಿಯ ಹತ್ತಿರ ಮಂಡಿಯೂರಿ ಕೂತ. ಹೇಳಿದ. ಗೋಡೆ, ಹೆಡಿಗೆ, ಕುಣಿತ, ಹಾಡು, ಅಜ್ಜಿ ಹೇಳಿದ ಪರಿಹಾರ. ಹಾಡನ್ನೂ ಬಿಡದೆ ಹೇಳಬೇಕಾಯಿತು. ಅವರ ಮನೆಯ ಹೆಸರು ಬರುವಲ್ಲಿ ನಾಲಿಗೆ ಹೊರಳಲಿಲ್ಲ. ಹೊರಳಿಸಿದ. ಅಜ್ಜನ ಕೈಯ ಸುದ್ದಿ ಬಂದಾಗ ಕೂಸಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅವನ ಕೈಯಲ್ಲಿದ್ದ ಹಗ್ಗ ನೆಲಕ್ಕೆ ಬಿತ್ತು.

ಕಿನ್ನಿ ರಾಶಿಯನ್ನು ನೋಡಿದಳು, ಆಮೇಲೆ ಜಗಲಿಯನ್ನು.

"ನೀವು ಅಂದು ಕುಣಿದದ್ದನ್ನು ಸೀತು ದಿನಾ ಕುಣಿದು ತೋರಿಸ್ತಿದ್ದಳು" ಎಂದಳು. "ಕೈ ಎತ್ತಲಿಕ್ಕೆ ಆಗುವ ತನಕ."

ಅವನು ತಲೆ ತಗ್ಗಿಸಿದ.

"ಒಂದು ಕೇಳ್ತೇನೆ ಪೂವಪ್ಪಣ್ಣ. ಬಂದು ಬೇಡಿದರೆ ಹೋಗ್ತದೆ ಅಂತ ಅಜ್ಜಿ ನಿಮಗೆ ಹೇಳಿದ್ದು ಯಾವಾಗ? ಸೀತು ಹೋದ ಮೇಲಾ, ಇರುವಾಗಲಾ?"

ಸುಳ್ಳು ಹೇಳಬಹುದಿತ್ತು. ಅಜ್ಜಿಯ ಹತ್ತಿರ ಹೇಳಿದ ಹಾಗೆ ಹೇಳಿ ಮುಗಿಸಬಹುದಿತ್ತು. ಮಗುವಿನ ಉಸಿರು ಗೊರಗೊರ ಎನ್ನುತ್ತಿತ್ತು. ರಾಶಿ ಏರಿತು. ಇಳಿಯಲಿಲ್ಲ. ಕಾಯುತ್ತಿತ್ತು.

"ಇರುವಾಗ" ಎಂದ.

ಕೂಸಪ್ಪ ಅವನ ಮೇಲೆ ಹಾಯ್ದ. ಕಿನ್ನಿ ಅಡ್ಡ ನಿಂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಮಗುವಿನ ಬಾಯಿಯನ್ನು ನೋಡಿದಳು. ತನ್ನ ಎದೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ನಮ್ಮದು ನಮಗೆ ಕೊಡಿ" ಎಂದು ಪೂವಪ್ಪ ಕೈ ಚಾಚಿದ.

ಅವಳು ಮಗುವನ್ನು ಆ ಕೈಗಳಿಗೆ ಇಟ್ಟಳು.

"ನಿಮ್ಮದು ನಿಮಗೆ."

ಬಂತು. ರಾಶಿಯಿಂದ ಎದ್ದಿತು. ಜಗಲಿಯ ಗೋಡೆಯಿಂದ ಕಳಚಿತು. ಬೂದು. ಮೌನ. ಬಿಸಿ. ಕಣ್ಣಿಗೆ, ಮೂಗಿಗೆ, ಬಾಯಿಗೆ. ಅವನು ಬಾಯಿ ಮುಚ್ಚಲಿಲ್ಲ. ಮುಚ್ಚಬಾರದೆಂದು ಅವನಿಗೆ ಗೊತ್ತಿತ್ತು. ನಾಲಿಗೆಯ ಮೇಲೆ ರೋಮ ಮೊಳೆಯುವುದು ತಿಳಿಯಿತು. ಗಂಟಲು ತುಂಬಿತು. ಉಸಿರು ನಿಂತಿತು. ಕಪ್ಪು. ಆಮೇಲೆ ಎಲ್ಲಿಂದಲೋ ಮಗುವಿನ ಅಳು. ಊರು ಕೇಳುವ ಅಳು. ಕಣ್ಣು ಬಿಟ್ಟು ನೋಡಿದ. ಮಗುವಿನ ನಾಲಿಗೆ ಕೆಂಪಗಿತ್ತು.

ಮಗು ಬದುಕಿತು. ಲೋಲಾಕ್ಷಿಗೆ ಜ್ವರ ಬಿಟ್ಟು ಹಾಲು ಮರಳಿತು. ತೆಂಕು ಕೋಣೆಯ ಕಿಟಕಿಗೆ ಪೂವಪ್ಪನೇ ಹಲಗೆ ಹೊಡೆದ. ಪಾಲವನ್ನು ಕೂಸಪ್ಪ ಕಡಿದು ಅಗಳಿಗೆ ದೂಡಿದ. ಕಿನ್ನಿ ಮತ್ತೆ ಈಚೆ ಬರಲಿಲ್ಲ. ಇವರೂ ಕರೆಯಲಿಲ್ಲ. ಯಾವ ಮುಖ ಹೊತ್ತು ಕರೆಯುವುದು? ಆಚೆ ಮನೆಯವರು ಊರಿಗೆ ಏನನ್ನೂ ಹೇಳಲಿಲ್ಲ. ಪೂವಪ್ಪನಿಗೆ ಅದೇ ಹೆಚ್ಚು ಉರಿಯಿತು. ಅವನ ನಾಲಿಗೆಯ ಬಿಳಿ ಯಾವ ಮದ್ದಿಗೂ ಹೋಗಲಿಲ್ಲ. ತಿಂದದ್ದೆಲ್ಲ ತಂಗಳು ಗಂಜಿಯ ರುಚಿ. ಎದುರು ನಿಂತು ಮಾತಾಡುವವರು ಮೂಗು ಮುಚ್ಚಿಕೊಳ್ಳುವುದನ್ನು ಕಂಡು ಅವನು ಮಾತನ್ನೇ ಕಡಿಮೆ ಮಾಡಿದ. ಮಿಲಿಟರಿ ಪೂವಪ್ಪ ಎಂದು ಯಾರಾದರೂ ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ, ಅಳಿಯನಾದರೂ, ಆ ಕೆಲಸ ಅವನಿಗೇ ಬಂತು. ಸೋಣದ ಬಿಸಿಲು ಬಂದಾಗ ಬಾಯಿಗೆ ಬೈರಾಸು ಕಟ್ಟಿ, ಬಾಗಿಲು ಹಾಕಿಕೊಂಡು, ಉಪ್ಪುನೀರಿನಲ್ಲಿ ಬಟ್ಟೆ ಅದ್ದುತ್ತಾನೆ. ಹೊರಗಿನಿಂದ ಮಗಳು ಬಾಗಿಲು ತಟ್ಟುತ್ತಾಳೆ. ಅಪ್ಪ, ಒಳಗೆ ಎಂತ ಉಂಟು, ನಾನೂ ಬರ್ತೇನೆ. ಇವಳಿಗೆ ಕಾರಣ ಹೇಳಬೇಕು, ಹೇಳದೆ ಬಿಡಬಾರದು, ಈ ವರ್ಷ ಹೇಳಿಯೇ ತೀರುತ್ತೇನೆ ಎಂದು ಪ್ರತಿ ವರ್ಷ ಅಂದುಕೊಳ್ಳುತ್ತಾನೆ.

"ಆಚೆ ಹೋಗು ಮಗಾ" ಎನ್ನುತ್ತಾನೆ.

ಬಾಗಿದ ಹೆಬ್ಬೆರಳಿನ ಕೈ ಈಗ ಆ ಗೋಡೆಯಲ್ಲಿ ಇಲ್ಲ. ಅವನ ಮಂಡಿಯ ಎತ್ತರದಲ್ಲಿ ಎರಡು ಪುಟ್ಟ ಅಂಗೈಗಳು ಇವೆ, ಚಪ್ಪಾಳೆ ತಟ್ಟಲು ಎತ್ತಿ ಹಿಡಿದ ಹಾಗೆ. ಅವನು ಅವನ್ನು ಮೆತ್ತಗೆ ಒರಸುತ್ತಾನೆ. ಮರು ವರ್ಷ ಅವು ಅಲ್ಲೇ ಇರುತ್ತವೆ. ಬಾಗಿಲು ತಟ್ಟುವ ಮಗಳ ಕೈ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಬಂತು. ಗೋಡೆಯ ಕೈಗಳು ಬೆಳೆಯಲಿಲ್ಲ.